ಅಣ್ಣನಿಗೆ ಆರಿಸಿಕೊಟ್ಟ ಗಾಡಿ

ಗಾಡಿ ಆರಿಸಿಕೊಟ್ಟವನು ನಾನೇ. ಅಣ್ಣ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಒಂದಲ್ಲ ಒಂದು ಗಳಿಗೆಯಲ್ಲಿ ದನಿ ತಗ್ಗಿಸಿ ಕೇಳಿದರು, "ಗಾಡಿ ಏನಾದ್ರೂ ಕೈಕೊಡ್ತಾ?" ಇಲ್ಲ ಎಂದೆ. ಒಂದು ಸಲವೂ ಕೈಕೊಡಲಿಲ್ಲ. ಅವರು ತಲೆಯಾಡಿಸುತ್ತಿದ್ದರು. ಗಾಡಿಯದು ತಪ್ಪಿಲ್ಲ ಎಂದರೆ ಯಾರದೂ ತಪ್ಪಿಲ್ಲ ಎಂದು ಅವರ ಲೆಕ್ಕ.

ನಾನು ಸೇಲಂನಲ್ಲಿ ಬಸ್ ಓಡಿಸುತ್ತಿದ್ದವನು. ಕೆಲವು ವರ್ಷ ಟೌನ್ ಬಸ್ಸು, ಆಮೇಲೆ ನಿವೃತ್ತಿಯವರೆಗೂ ಘಾಟಿ ರೂಟುಗಳು. ಹೆಂಡತಿ ತೀರಿಹೋದ ಮೇಲೆ ನನ್ನ ಎರಡು ಹೊತ್ತಿನ ಊಟ ಅಣ್ಣನ ಮನೆಯಲ್ಲೇ. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅತ್ತಿಗೆ ನನಗೆಂದು ಒಂದು ತಟ್ಟೆಯನ್ನೇ ಬೇರೆ ಇಟ್ಟಿದ್ದರು.

ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನಿವೃತ್ತನಾದ ಮರುವರ್ಷವೇ ಎದೆನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಅತ್ತಿಗೆಯನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ಇನ್ನೊಂದು ರಕ್ತನಾಳವೂ ಚೆನ್ನಾಗಿಲ್ಲ, ಆಸ್ಪತ್ರೆ ಹತ್ತಿರವಿರುವ ಕಡೆಯೇ ಇರಲಿ, ಮತ್ತೆ ನೋವು ಬಂದರೆ ಬೇಗ ಕರೆತನ್ನಿ ಎಂದರು. ಅಣ್ಣನಿಗೂ ಇದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನಿಗೆ ಆತುರ ಹುಟ್ಟಿತು ಎಂದು ಈಗ ಅನ್ನಿಸುತ್ತದೆ.

ಮನೆಯಲ್ಲಿ ಮಲಗಿದ್ದ ಆ ತಿಂಗಳುಗಳಲ್ಲಿ ಅವನು ಫೋನಿನಲ್ಲಿ ವಿಡಿಯೊ ನೋಡುವುದು ಕಲಿತ. ಯಾವ ಯಾವುದೋ ದೇಶದವರು ಜೀಪಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದರು, ಕೆರೆ ಪಕ್ಕದಲ್ಲಿ ನಿಲ್ಲಿಸಿ ಕಾಫಿ ಕಾಯಿಸುತ್ತಿದ್ದರು.

"ನೋಡ್ಲಾ ಇಲ್ಲಿ, ಮನೇನೇ ಎಳ್ಕಂಡ್ ಓಯ್ತಾ ಅವ್ರೆ" ಎಂದು ನನ್ನ ಮೂಗಿನ ಹತ್ತಿರ ಫೋನು ಹಿಡಿದ.

"ಸಿನಿಮಾದೋರ ಕ್ಯಾರವಾನ್ ಇದ್ದಂಗೈತೆ" ಎಂದೆ.

"ಹೀರೋ ಆಗ್ಬಾರ್ದಾ ನಾನು? ಮೊಕ ಇಲ್ವಾ?"

ಅತ್ತಿಗೆ ಒಳಗಿನಿಂದಲೇ, "ಮೊಕ ಐತೆ, ಎದೆ ಇಲ್ಲ" ಎಂದರು. ಆಗಿನ್ನೂ ನಾವು ನಗುತ್ತಿದ್ದೆವು.

ನಗುನಗುತ್ತಲೇ ಅವನು ಕ್ಯಾರವಾನ್ ಕಟ್ಟಿಸಿಯೂಬಿಟ್ಟ. ಸಂಕಗಿರಿ ರಸ್ತೆಯಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡೊಂದಿತ್ತು. ವಾರಕ್ಕೆರಡು ಸಲ ಹೋಗಿ ಕೂತು, ತಾನೇ ಅಳತೆ ಕೊಟ್ಟು, ಬೆಸುಗೆಯನ್ನು ಕಣ್ಣಾರೆ ನೋಡಿ ಮಾಡಿಸಿದ. ಎರಡು ಮಂಚ, ಒಂದು ಗ್ಯಾಸ್ ಒಲೆ, ಸೊಳ್ಳೆ ಬಲೆ ಬಡಿದ ಎರಡು ಕಿಟಕಿ, ಮೂಲೆಯಲ್ಲಿ ಕಕ್ಕಸಿನ ಪುಟ್ಟ ಕೋಣೆ. ಅದಕ್ಕೆ ಅವನು ಗೂಡು ಎಂದು ಹೆಸರಿಟ್ಟ. ಅದನ್ನು ಎಳೆಯುವ ಗಾಡಿಯೇ ಇಲ್ಲದೆ ಗೂಡು ಮೊದಲು ತಯಾರಾದದ್ದು ನೋಡಿ ಶೆಡ್ಡಿನ ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಮೊದಲು ತಾಳಿ ಮಾಡಿಸಿ, ಆಮೇಲೆ ಹೆಣ್ಣು ಹುಡುಕ್ತೀರಾ ಸಾರ್?" ಎಂದ.

ಅಣ್ಣನಿಗೆ ಎಲ್ಲ ದೇಶ ಸುತ್ತುವ ಆಸೆಯೇನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಜಾಗ. ಮಾರಂಡಹಳ್ಳಿಯಿಂದ ಮುಂದೆ, ಬೆಟ್ಟದ ಬುಡದಲ್ಲಿ, ನಮ್ಮ ಅಮ್ಮ ಹುಟ್ಟಿದ ಊರು. ಊರ ಮೇಲಿನ ಗುಡ್ಡದಲ್ಲಿ ಒಂದು ಬಯಲಿದೆ. ಬೇಸಿಗೆ ರಜೆಯಲ್ಲಿ ಮಾವನ ಕುರಿಗಳ ಹಿಂದೆ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಆ ಬಯಲಿನಲ್ಲಿ ಒಂದು ವಾರ ಇರಬೇಕು, ಎದ್ದ ಕೂಡಲೇ ಆ ಗಾಳಿ ಮೂಗಿಗೆ ಬರಬೇಕು ಎನ್ನುತ್ತಿದ್ದ. ನೆಂಟರ ಮನೆಯಲ್ಲಿ ಉಳಿಯಲು ಅವನಿಗೆ ಇಷ್ಟವಿರಲಿಲ್ಲ. ಉಪ್ಪಿಲ್ಲದ ಊಟ ಕೇಳಬೇಕು, ಮಾತ್ರೆಗಳನ್ನು ಎಲ್ಲರೆದುರು ನುಂಗಬೇಕು, ಅವರು ಅಯ್ಯೋ ಪಾಪ ಎನ್ನಬೇಕು. ಗೂಡಿದ್ದರೆ ಆ ಯಾವ ತಂಟೆಯೂ ಇಲ್ಲ. ಆದರೆ ಗುಡ್ಡದ ದಾರಿ ಮಳೆಗೆ ಕೊರೆದುಹೋಗಿದೆ, ಸಾಮಾನ್ಯ ಕಾರು ಹತ್ತುವುದಿಲ್ಲ. ನಾಲ್ಕು ಚಕ್ರಕ್ಕೂ ಎಳೆತವಿರುವ ಫೋರ್ ವೀಲ್ ಗಾಡಿ ಬೇಕು. ಗೂಡಿನ ಭಾರಕ್ಕೆ ಬಗ್ಗದ, ನಂಬಿಕೆಯ ಗಾಡಿ.

"ನಮ್ಮನೇಲಿ ಡ್ರೈವರ್ ಅವ್ನೆ. ಅವ್ನು ಯಾವ್ದು ಅಂತಾನೋ ಅದೇ" ಎಂದ ಅಣ್ಣ.

ಆ ಸಂಜೆ ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅತ್ತಿಗೆ ಹಿಂದೆಯೇ ಬಂದರು.

"ತಮ್ಮಾ, ಅವ್ರು ನನ್ ಮಾತು ಕೇಳಲ್ಲ. ಡಾಕ್ಟರ್ ಮಾತೂ ಕೇಳಲ್ಲ. ಗಾಡಿ ವಿಷ್ಯದಲ್ಲಿ ನಿನ್ ಮಾತು ಕೇಳ್ತಾರೆ."

"ನಾನೇನ್ ಮಾಡ್ಲಿ ಅತ್ತಿಗೆ?"

"ಯಾವ್ ಗಾಡಿ ತೋರ್ಸಿದ್ರೂ ಸರಿ ಇಲ್ಲ ಅನ್ನು. ಅಷ್ಟೇ. ಗಾಡಿ ಸಿಕ್ಕಿಲ್ಲ ಅಂದ್ರೆ ಓಗಾಕಾಗಲ್ಲ. ಓಗ್ಲಿಲ್ಲ ಅಂದ್ರೆ ಮನೇಲಿರ್ತಾರೆ. ಆಸ್ಪತ್ರೆ ಆಟೋದಲ್ಲಿ ಓಗೋ ದೂರ ಐತೆ."

ನಾನು ಆಗಲಿ ಎಂದೆ. ಇಷ್ಟೇ ನಡೆದದ್ದು. ಗಾಡಿ ಸಿಗದಿರುವಷ್ಟು ದಿನ ಅಣ್ಣ ಬದುಕಿರುತ್ತಾನೆ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳದೆ ಒಪ್ಪಿಕೊಂಡೆವು.

ಮೊದಲು ನೋಡಿದ ಗಾಡಿ ಮೇಚೇರಿಯದು. ಸಂತೆಯ ದಿನ ಹೋದೆವು. ಕುರಿ ವ್ಯಾಪಾರಿಯೊಬ್ಬ ತನ್ನ ಪಿಕಪ್ಪನ್ನು ತೊಳೆಸಿ ನಿಲ್ಲಿಸಿದ್ದ. ಎಷ್ಟು ತೊಳೆದರೂ ಕುರಿಯ ನಾತ ಸೀಟಿನೊಳಗಿತ್ತು.

"ಫೋರ್ ವೀಲ್ ಬೀಳ್ತೈತಾ?" ಎಂದೆ.

"ಏನ್ ಸಾರ್ ಇಂಗ್ ಕೇಳ್ತೀರಿ? ಸೂಪರಾ ಬೀಳ್ತೈತೆ."

ಸಂತೆಯ ಆಚೆ ಸಡಿಲ ಮಣ್ಣಿನ ದಿಬ್ಬವಿತ್ತು. ಅವನನ್ನೇ ಹತ್ತಿಸಲು ಹೇಳಿ ನಾನು ಪಕ್ಕದಲ್ಲಿ ಕೂತು ಮುಂದಿನ ಚಕ್ರ ನೋಡಿದೆ. ಹಿಂದಿನ ಚಕ್ರ ಮಣ್ಣು ಕೆದರುತ್ತಿತ್ತು. ಮುಂದಿನದು ಎಳೆಯದೆ ಸುಮ್ಮನೆ ಜೊತೆಗೆ ಉರುಳುತ್ತಿತ್ತು.

"ಮುಂದಿನ ಚಕ್ರಕ್ಕೆ ಎಳೆತಾನೇ ಇಲ್ಲ" ಎಂದೆ.

ಅವನು ತಲೆ ಕೆರೆದುಕೊಂಡ. "ನನ್ ಕುರಿ ಯಾವತ್ತೂ ಕಂಪ್ಲೇಂಟ್ ಮಾಡ್ಲಿಲ್ಲ ಅಣ್ಣಾ."

ಎರಡನೆಯದು ಸೈನ್ಯದ ಹರಾಜಿನಲ್ಲಿ ಬಂದ ಹಳೆಯ ಜೀಪು. ಸೇಲಂ ಹೊರಗಿನ ಒಂದು ಗ್ಯಾರೇಜಿನಲ್ಲಿತ್ತು. ಹಸಿರು ಬಣ್ಣವನ್ನು ಗೋಡೆಗೆ ಬಳಿದಂತೆ ದಪ್ಪಗೆ ಬಳಿದಿದ್ದರು. ನಾನು ಅಡಿಗೆ ತೂರಿ ಗಾಡಿಯ ಚೌಕಟ್ಟಾದ ಚಾಸಿಯನ್ನು ಸ್ಪ್ಯಾನರಿನಿಂದ ತಟ್ಟುತ್ತ ಹೋದೆ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಸದ್ದು ಮಾಡುತ್ತದೆ. ಅದು ಒದ್ದೆ ಮರದ ಸದ್ದು ಮಾಡಿತು. ಗೂಡನ್ನು ಕಟ್ಟಬೇಕಾದ ಹಿಂದಿನ ಕೊಂಡಿಯ ಹತ್ತಿರ ತಟ್ಟಿದಾಗ ತುಕ್ಕು ಪುಡಿಯಾಗಿ ನನ್ನ ಕಣ್ಣಿಗೆ ಬಿತ್ತು.

"ಯುದ್ಧ ನೋಡ್ಕಂಡ್ ಬಂದಿರೋ ಗಾಡಿ ಸಾರ್ ಇದು" ಎಂದ ಗ್ಯಾರೇಜಿನವನು.

"ಅದ್ಕೇ ಸತ್ತೋಗೈತೆ" ಎಂದ ಅಣ್ಣ.

ಮೂರನೆಯದಕ್ಕೆ ಏರ್ಕಾಡಿಗೆ ಹೋದೆವು. ಕಾಫಿ ತೋಟದವರೊಬ್ಬರ ಗಾಡಿ. ಹೆಚ್ಚು ಹಳೆಯದಲ್ಲ, ಕನ್ನಡಿಯಂತೆ ಹೊಳೆಯುತ್ತಿತ್ತು, ಫೋರ್ ವೀಲ್ ಸರಿಯಾಗಿ ಬೀಳುತ್ತಿತ್ತು. ಅಣ್ಣ ಅದರ ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದ. ಆದರೆ ಅದು ಹಗುರ. ಗೂಡಿಗಿಂತ ಹಗುರ. ಎಳೆಯುವುದೇನೋ ಎಳೆದೀತು, ಇಳಿಜಾರಿನಲ್ಲಿ ಹಿಡಿಯುವುದು ಹೇಗೆ? ಮುಂದಿನ ಗಾಡಿಯ ತೂಕ ಹಿಂದಿನದಕ್ಕಿಂತ ಹೆಚ್ಚಿಲ್ಲದಿದ್ದರೆ ತಿರುವಿನಲ್ಲಿ ಹಿಂದಿನದೇ ಮುಂದಿನದನ್ನು ದಬ್ಬುತ್ತದೆ. ಘಾಟಿಯಲ್ಲಿ ಲಾರಿಗಳು ಹಾಗೆ ಮಡಿಚಿಕೊಂಡು ಬಿದ್ದಿರುವುದನ್ನು ನಾನು ಬೇಕಾದಷ್ಟು ನೋಡಿದ್ದೆ.

ಬೇಡ ಎಂದೆ. ಘಾಟಿ ಇಳಿದು ಕೆಳಗೆ ಬಂದ ಮೇಲೆ ಅಣ್ಣ, "ನಿಂಗೆ ಯಾವ್ದೂ ಆಗಲ್ಲ ಕಣ್ಲಾ. ಹೆಣ್ಣು ನೋಡಕ್ ಓದಾಗ್ಲೂ ಇಂಗೇ ಆಡ್ದೆ. ಒಂದಕ್ ಮೂಗು ಸರಿ ಇಲ್ಲ, ಒಂದಕ್ ನಡೆ ಸರಿ ಇಲ್ಲ" ಎಂದ.

ಮೂರು ಸಲವೂ ನಾನು ಸುಳ್ಳು ಹೇಳಬೇಕಾಗಿ ಬರಲಿಲ್ಲ. ಮೂರು ಗಾಡಿಗಳಲ್ಲೂ ನಿಜವಾಗಿಯೇ ದೋಷವಿತ್ತು. ಗಾಡಿ ಇಲ್ಲದೆ ಬಂದ ದಿನ ಅತ್ತಿಗೆ ನನ್ನ ತಟ್ಟೆಯ ಮುದ್ದೆಗೆ ತುಪ್ಪ ಒಂದು ಚಮಚ ಹೆಚ್ಚಾಗಿ ಹಾಕುತ್ತಿದ್ದರು. ತಿನ್ನುವಾಗ ನನಗೆ ಒಂದು ಭಯ ಶುರುವಾಗಿತ್ತು. ಒಳ್ಳೆಯ ಗಾಡಿ ಎಲ್ಲೋ ಇದ್ದೇ ಇರುತ್ತದೆ. ಯಾವುದೋ ಶೆಡ್ಡಿನಲ್ಲಿ ನಿಂತು ನಮಗಾಗಿ ಕಾಯುತ್ತಿರುತ್ತದೆ.

ಅದು ಮಾರಂಡಹಳ್ಳಿಯಲ್ಲಿ ಕಾಯುತ್ತಿತ್ತು. ಟೊಮೇಟೊ ಬೆಳೆಯುವ ಒಬ್ಬ ಹಿರಿಯರ ಗಾಡಿ. ಅವರ ಕಣ್ಣು ಮಂಜಾಗಿತ್ತು, ಇನ್ನು ಓಡಿಸಬಾರದು ಎಂದು ಮನೆಯವರು ಬೀಗದ ಕೈ ಕಿತ್ತುಕೊಂಡಿದ್ದರು. ಅವರು ನಮ್ಮನ್ನು ಹೆಚ್ಚು ಮಾತಾಡಿಸಲಿಲ್ಲ. ಶೆಡ್ಡಿನ ತಗಡು ಬಾಗಿಲು ಸರಿಸಿ, "ನೀವೇ ನೋಡ್ಕಳ್ಳಿ. ನಾನ್ ಏನೂ ಏಳಲ್ಲ" ಎಂದು ಕಲ್ಲಿನ ಮೇಲೆ ಕೂತರು.

ನಾನು ಅರ್ಧ ದಿನ ನೋಡಿದೆ. ಭಾರದ ಗಾಡಿ. ಚಾಸಿ ತಟ್ಟಿದಲ್ಲೆಲ್ಲ ಗಂಟೆಯ ಸದ್ದು. ಕೊಂಡಿಯನ್ನು ಬಂಪರಿಗೆ ಅಂಟಿಸದೆ ಚಾಸಿಗೇ ಬೋಲ್ಟ್ ಹಾಕಿ ಕೂರಿಸಿದ್ದರು. ಎಂಜಿನ್ನಿನ ಕೆಳಗೆ ಒಂದು ತೊಟ್ಟು ಎಣ್ಣೆಯಿಲ್ಲ. ತೋಟದ ಹಿಂದಿನ ದಿಣ್ಣೆಗೆ ಲೋ ಗೇರಿನಲ್ಲಿ ಹಾಕಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಹಸುವಿನ ಹಾಗೆ ಹೆಜ್ಜೆ ಹೆಜ್ಜೆಯಾಗಿ ಹತ್ತಿತು. ಇಳಿಯುವಾಗ ಬ್ರೇಕ್ ಮುಟ್ಟುವ ಕೆಲಸವೇ ಬೀಳಲಿಲ್ಲ. ಎಂಜಿನ್ನೇ ಹಿಡಿದುಕೊಂಡಿತು. ಇಷ್ಟು ವರ್ಷದಲ್ಲಿ ಡಿಪೊದವರು ನನಗೆ ಕೊಟ್ಟ ಯಾವ ಬಸ್ಸೂ ಹಾಗೆ ನನ್ನ ಕಾಲಿನ ಮಾತು ಕೇಳಿರಲಿಲ್ಲ.

ಇಳಿದು ಬಂದಾಗ ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಆ ಹಿರಿಯರೂ ಮಂಜುಗಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಏನ್ಲಾ?" ಎಂದ ಅಣ್ಣ.

ಗೇರ್ ಬಾಕ್ಸ್ ಸದ್ದು ಮಾಡ್ತೈತೆ ಎಂದರೆ ಸಾಕಿತ್ತು. ಅಣ್ಣ ಫಿಟ್ಟರ್ ಇರಬಹುದು, ಓಡುವ ಗಾಡಿಯ ಒಳಸದ್ದು ಅವನಿಗೆ ತಿಳಿಯದು. ಅತ್ತಿಗೆಯ ಮುಖ ನೆನಪಿಗೆ ಬಂತು. ಬಂತು ಎಂದು ಬರೆಯದೆ ಹೋದರೆ ಅದು ಸುಳ್ಳಾಗುತ್ತದೆ. ಆದರೂ ಆ ಹಿರಿಯರು ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದ ಗಾಡಿಯ ಎದುರು ನಿಂತು, ಅದು ಕೆಟ್ಟಿದೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅಂಥ ಗಾಡಿಯನ್ನು ಕೆಟ್ಟದ್ದು ಎಂದರೆ ನಾನು ಡ್ರೈವರೇ ಅಲ್ಲ ಅನ್ನಿಸಿತು.

"ಇದು ಗಾಡಿ" ಎಂದೆ.

ಆ ಹಿರಿಯರ ಮುಖ ಅರಳಿತು. ಅಣ್ಣ ನನ್ನ ಬೆನ್ನಿಗೆ ಗುದ್ದಿದ.

ಅತ್ತಿಗೆ ಸುದ್ದಿ ಕೇಳಿ ಊಟ ಬಡಿಸಿದರು. ಅಣ್ಣ ಕೈ ತೊಳೆಯಲು ಎದ್ದಾಗ ಮಾತ್ರ, "ಅಮ್ಮನ್ ಅತ್ರ ಹೂ ಕೇಳ್ದೆ ಗಾಡಿ ಮನೇಗೆ ಬರ್ಬಾರ್ದು" ಎಂದರು.

ಅಮ್ಮ ಎಂದರೆ ನಮ್ಮ ಕುಲದೇವತೆ, ಅವಳ ಗುಡಿ ಮೇಚೇರಿ ಕಡೆಯ ಒಂದು ಹಳ್ಳಿಯಲ್ಲಿದೆ. ಹೆಣ್ಣು ಕೊಡುವುದು, ಹೊಲ ಕೊಳ್ಳುವುದು, ಬಾವಿ ತೋಡುವುದು, ಯಾವುದಿದ್ದರೂ ನಮ್ಮವರು ಅಲ್ಲಿ ಹೂ ಕೇಳುತ್ತಾರೆ. ಬಿಳಿ ಕಣಗಿಲೆ ಒಂದು ಕಾಗದದಲ್ಲಿ, ಕೆಂಪು ಕಣಗಿಲೆ ಇನ್ನೊಂದರಲ್ಲಿ, ಒಂದೇ ಥರ ಮಡಿಚಿ ಅಮ್ಮನ ಪಾದದ ಹತ್ತಿರ ಇಡಬೇಕು. ಮನೆಯ ಹಿರಿಯ ತನ್ನ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಬೇಕು. ಆಮೇಲೆ ವಿಷಯ ಗೊತ್ತಿಲ್ಲದ ಯಾರನ್ನಾದರೂ ಕರೆದು ಒಂದು ಪೊಟ್ಟಣ ತೆಗೆಸಬೇಕು. ಬಿಳಿ ಬಂದರೆ ಆಗಲಿ ಎಂದು, ಕೆಂಪು ಬಂದರೆ ಬೇಡ ಎಂದು. ಒಂದು ಕೆಲಸಕ್ಕೆ ಒಂದೇ ಸಲ. ತಿರುಗಿ ಕೇಳುವ ಹಾಗಿಲ್ಲ.

ದಾರಿಯುದ್ದಕ್ಕೂ ಅತ್ತಿಗೆಯ ತುಟಿ ಅಲುಗುತ್ತಿತ್ತು. ಕೆಂಪು ಬರಲಿ ಎಂದು ಬೇಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ನಾನೂ ಅದನ್ನೇ ಬೇಡಿದೆ. ನಾನು ಹೇಳಲಾಗದೆ ಹೋದದ್ದನ್ನು ಅಮ್ಮ ಹೇಳಲಿ ಎಂದು.

ಪೂಜಾರಿ ಪೊಟ್ಟಣಗಳನ್ನು ಇಟ್ಟ. ಅಣ್ಣ ಕೈಮುಗಿದು ದೊಡ್ಡ ದನಿಯಲ್ಲಿ ಕೇಳಿದ, "ತಾಯೀ, ನನ್ ತಮ್ಮ ಗಾಡಿ ನೋಡವ್ನೆ. ಈ ಗಾಡೀನ ನಂಬಬೌದಾ?"

ಅತ್ತಿಗೆ ತಟ್ಟನೆ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರು ಕೇಳಿಸಬೇಕೆಂದಿದ್ದ ಪ್ರಶ್ನೆ ಅದಲ್ಲ. ಗುಡ್ಡಕ್ಕೆ ಹೋಗಬಹುದಾ ಎಂದು ಅವನು ಕೇಳಬೇಕಿತ್ತು. ಆದರೆ ಹಿರಿಯ ಆಡಿದ ಮಾತನ್ನು ಗರ್ಭಗುಡಿಯ ಎದುರು ತಿದ್ದುವವರಿಲ್ಲ. ಹರಕೆ ತೀರಿಸಲು ಬಂದಿದ್ದ ಯಾವುದೋ ಊರಿನ ಹೆಂಗಸೊಬ್ಬಳನ್ನು ಪೂಜಾರಿ ಕರೆದ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಒಂದು ಪೊಟ್ಟಣ ಎತ್ತಿಕೊಟ್ಟಳು.

ಬಿಳಿ.

ಅಮ್ಮ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಳು.

ಗಾಡಿ ಮನೆಗೆ ಬಂತು. ಗೂಡನ್ನು ಕೊಂಡಿಗೆ ಹಾಕಿ ಊರ ಹೊರಗಿನ ರಸ್ತೆಯಲ್ಲಿ ನಾಲ್ಕು ದಿನ ಓಡಿಸಿ ನೋಡಿದೆ. ವೇಗವಾಗಿ, ನಿಧಾನವಾಗಿ, ತಟ್ಟನೆ ಬ್ರೇಕ್ ಹಾಕಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಹಿಂದಕ್ಕೆ ಮಾತ್ರ ಓಡಿಸಿ ನೋಡಲಿಲ್ಲ. ತಿರುಗಿಸಬೇಕಾದಾಗಲೆಲ್ಲ ಅಲ್ಲಿ ಅಗಲವಾದ ಮೈದಾನವಿತ್ತು, ಸುತ್ತು ಹಾಕಿಕೊಂಡು ಬರುತ್ತಿದ್ದೆ. ಬಸ್ಸನ್ನು ನಾನು ಎಂಥ ಸಂದಿಯಲ್ಲೂ ಹಿಂದಕ್ಕೆ ತೆಗೆದವನು. ಕಂಡಕ್ಟರ್ ಹಿಂದೆ ನಿಂತು ವಿಷಲ್ ಊದಿದರೆ ಸಾಕು, ಕೈ ತಾನಾಗಿ ತಿರುಗುತ್ತಿತ್ತು. ಅದರಲ್ಲಿ ಪರೀಕ್ಷೆ ಮಾಡಿ ನೋಡುವುದೇನಿದೆ ಎಂದುಕೊಂಡೆ.

ಹೊರಡುವ ದಿನ ಅತ್ತಿಗೆ ಮಾತ್ರೆಗಳನ್ನು ಮೂರು ಡಬ್ಬಿಗಳಲ್ಲಿ ಕಟ್ಟಿಕೊಂಡರು. ಒಂದು ಗೂಡಿನಲ್ಲಿ, ಒಂದು ಗಾಡಿಯಲ್ಲಿ, ಒಂದು ಅವರ ಸೊಂಟದಲ್ಲಿ. ನನ್ನ ಪಕ್ಕದಲ್ಲಿ ಅಣ್ಣ ಕೂತ, ಅತ್ತಿಗೆ ಹಿಂದೆ.

ಎಲ್ಲರೂ ಹೆದರಿಸಿದ್ದು ತೊಪ್ಪೂರು ಘಾಟಿಯನ್ನು. ಆ ರಸ್ತೆಯಲ್ಲಿ ಸುಟ್ಟ ಲಾರಿಯ ಕಪ್ಪು ಗುರುತು ಯಾವಾಗಲೂ ಒಂದಾದರೂ ಇರುತ್ತದೆ. ಅಂದೂ ಇತ್ತು. ಎದುರಿನಿಂದ ಇಳಿಯುತ್ತಿದ್ದ ಲಾರಿಗಳ ಬ್ರೇಕಿನ ಸೀದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ನಮ್ಮ ಗಾಡಿ ಉಸಿರೂ ಏರದೆ ಹತ್ತಿತು. ಧರ್ಮಪುರಿ ದಾಟಿದ ಮೇಲೆ ಅಣ್ಣ, "ಆಯ್ತಲ್ಲಾ, ಗಂಡಾಂತರ ಮುಗೀತು" ಎಂದು ಹಿಂದಕ್ಕೆ ತಿರುಗಿ ಅತ್ತಿಗೆಯನ್ನು ಅಣಕಿಸಿದ. ಅವರು ಕಿಟಕಿಯ ಹೊರಗೆ ಆಸ್ಪತ್ರೆಗಳ ಬೋರ್ಡುಗಳನ್ನು ನೋಡುತ್ತಿದ್ದರು. ಪಾಲಕ್ಕೋಡು ದಾಟಿದ ಮೇಲೆ ಆ ಬೋರ್ಡುಗಳು ಕಡಿಮೆಯಾಗುತ್ತ ಬಂದವು. ಮಾರಂಡಹಳ್ಳಿಯ ಆಚೆ ಒಂದೂ ಇರಲಿಲ್ಲ.

ಗುಡ್ಡದ ದಾರಿ ಶುರುವಾಗುವಲ್ಲಿ, ಊರಿನ ಕೊನೆಯ ಮನೆಯ ಅಂಗಳದಲ್ಲಿ ಅಜ್ಜಿಯೊಬ್ಬಳು ರಾಗಿ ಒಣಹಾಕಿದ್ದಳು. ಗೂಡನ್ನು ಕಂಡು ಎದ್ದು ಬಂದಳು.

"ಇದ್ಯಾವ್ ದೇವ್ರ ತೇರು ಸಾಮಿ?"

"ನಾನೇ ದೇವ್ರು ಅಜ್ಜಿ, ಮೇಲೆ ಬಯಲ್ಗೆ ಓಯ್ತಾ ಇವ್ನಿ" ಎಂದ ಅಣ್ಣ.

ಅವಳು ಗೂಡಿನ ಉದ್ದವನ್ನು ನೋಡಿದಳು. "ಏರೋದೇನೋ ಏರ್ತೈತೆ. ತಿರುಗ್ಸಾಕೆ ಜಾಗ ಎಲ್ಲೈತೆ?"

"ಬಯಲೈತಲ್ಲ."

"ಮಳೇಲಿ ಬಂಡೆ ಉರುಳೈತೆ ಅಂತಿದ್ರು. ನಮ್ ಕುರಿ ಸಂದೀಲಿ ನುಸುಳ್ಕಂಡ್ ಓಯ್ತವೆ. ನೀವು ಕುರಿ ಅಲ್ವಲ್ಲ."

ಅಣ್ಣ ಜೋರಾಗಿ ನಕ್ಕು, ಓಗ್ಲಾ ಮುಂದೆ ಎಂದು ಡ್ಯಾಶ್‌ಬೋರ್ಡ್ ತಟ್ಟಿದ. ಆ ಅಜ್ಜಿಯ ಮಾತು ನನಗೂ ಕೇಳಿಸಿತ್ತು. ಆದರೂ ನಿಲ್ಲಿಸಲಿಲ್ಲ, ಗಾಡಿಯ ಮೇಲೆ ಅಷ್ಟು ನಂಬಿಕೆಯಿತ್ತು.

ದಾರಿಯ ಎಡಕ್ಕೆ ಬಂಡೆಯ ಗೋಡೆ. ಬಲಕ್ಕೆ ಪೊದೆ ಬೆಳೆದ ಕಮರಿ. ಅಗಲ ನಮ್ಮ ಗೂಡಿಗಿಂತ ಎರಡು ಗೇಣು ಹೆಚ್ಚು, ಅಷ್ಟೇ. ನೀರು ಕೊರೆದ ಹಳ್ಳಗಳಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಂತರೆ ಉಳಿದ ಮೂರು ಎಳೆದವು. ಬೇರೆ ಯಾವ ಗಾಡಿಯಾದರೂ ಮೊದಲ ಹಳ್ಳದಲ್ಲೇ ಸೋತು ನಿಲ್ಲುತ್ತಿತ್ತು, ನಾವು ನಡೆದು ವಾಪಸ್ ಹೋಗುತ್ತಿದ್ದೆವು. ಇದು ನಿಲ್ಲಲಿಲ್ಲ. ಬಯಲು ಇನ್ನೇನು ಕಾಣಬೇಕು ಎನ್ನುವ ತಿರುವಿನಲ್ಲಿ, ಅಜ್ಜಿ ಹೇಳಿದ್ದ ಬಂಡೆ ದಾರಿಯ ನಡುವೆ ಕೂತಿತ್ತು.

ಮುಂದೆ ಬಂಡೆ. ಹಿಂದೆ ಇಳಿಯುವ ದಾರಿಗೆ ಅಡ್ಡವಾಗಿ ನಮ್ಮದೇ ಗೂಡು. ಇದು ನನಗೆ ಆಗಲೇ ಹೊಳೆಯಿತು. ಆದರೆ ಅಣ್ಣ ಆಗಲೇ ಕೆಳಗಿಳಿದು, ಎರಡು ಕೈ ಚಾಚಿ ಗಾಳಿ ಎಳೆದುಕೊಳ್ಳುತ್ತಿದ್ದ.

"ಇಲ್ಲೇ ಚೆನ್ನಾಗೈತೆ ಬಿಡ್ಲಾ. ಬಯಲ್ಗೆ ನಡ್ಕಂಡ್ ಓಗಣ. ಇಳ್ಸೋದ್ನ ಆಮೇಲ್ ನೋಡಣ."

ಚಕ್ರಗಳಿಗೆ ಕಲ್ಲು ಕೊಟ್ಟೆ. ಆ ಸಂಜೆ ಅವನು ಇದ್ದಷ್ಟು ಸಂತೋಷವಾಗಿ ನಾನು ಅವನನ್ನು ಹುಡುಗನಾಗಿದ್ದಾಗಲೂ ನೋಡಿರಲಿಲ್ಲ. ಆ ಸಂತೋಷವನ್ನು ನೋಡುತ್ತ ಅತ್ತಿಗೆಯ ಮುಖವೂ ಸ್ವಲ್ಪ ಸಡಿಲವಾಯಿತು. ನಾನು ಮಾತ್ರ ಹಿಂದಕ್ಕೆ ಹೋಗಿ ಹೋಗಿ ದಾರಿಯ ಅಂಚು ನೋಡಿ ಬರುತ್ತಿದ್ದೆ. ಫೋನುಗಳಲ್ಲಿ ಸಿಗ್ನಲ್ ಇರಲಿಲ್ಲ.

ಬೆಳಗ್ಗೆ ಕಾಫಿ ಲೋಟ ಕೆಳಗಿಡುವಾಗ ಅವನಿಗೆ ನೋವು ಬಂತು. ಲೋಟ ಬೀಳಲಿಲ್ಲ. ನಿಧಾನವಾಗಿ ಕೆಳಗಿಟ್ಟು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡ. ಅತ್ತಿಗೆ ಸೊಂಟದ ಡಬ್ಬಿ ತೆಗೆದು ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ಅವನನ್ನು ಗಾಡಿಯ ಮುಂದಿನ ಸೀಟಿನಲ್ಲಿ ಒರಗಿಸಿದೆವು.

ನಾನು ರಿವರ್ಸ್ ಹಾಕಿದೆ. ಅತ್ತಿಗೆ ಗೂಡಿನ ಹಿಂದೆ, ಇಳಿಜಾರಿನಲ್ಲಿ ನಿಂತು ದಾರಿ ಹೇಳಿದರು. ಗೂಡಿನ ಬಾಲ ಕಮರಿಯ ಕಡೆ ಜರುಗಿತು.

"ಬಂಡೆ ಕಡೆ! ಬಂಡೆ ಕಡೆ ತಿರುಗ್ಸು ತಮ್ಮಾ!"

ನಾನು ಸ್ಟೇರಿಂಗನ್ನು ಎಡಗಡೆಯ ಬಂಡೆಗೋಡೆಯ ಕಡೆಗೆ ತಿರುಗಿಸಿದೆ. ಬಾಲ ಇನ್ನಷ್ಟು ಕಮರಿಗೆ ಹೋಯಿತು. ಬಸ್ಸಿನಲ್ಲಿ ಹಾಗಾಗುವುದಿಲ್ಲ. ಬಸ್ಸಿನ ಹಿಂಭಾಗ ಎತ್ತ ಹೋಗಬೇಕೋ ಅತ್ತಲೇ ತಿರುಗಿಸುತ್ತೇವೆ. ಕೊಂಡಿಯಲ್ಲಿ ಕಟ್ಟಿದ ಗಾಡಿ ಅದಕ್ಕೆ ಎದುರಾಗಿ ಹೋಗುತ್ತದೆ. ಅಷ್ಟು ವರ್ಷ ಬಸ್ಸು ಓಡಿಸಿದ ಕೈಗೆ ಅದು ತಿಳಿಯಲಿಲ್ಲ.

"ಬಂಡೆ ಕಡೆ ಅಂದ್ನಲ್ಲಾ!" ಎಂದು ಅತ್ತಿಗೆ ಅಳುತ್ತ ಕೂಗಿದರು. ಇನ್ನೂ ತಿರುಗಿಸಿದೆ. ಗೂಡಿನ ಒಂದು ಚಕ್ರ ಅಂಚಿಗೆ ಬಂತು, ಮಣ್ಣು ಕುಸಿದು ಕೆಳಗೆ ಬಿದ್ದ ಸದ್ದು ಕೇಳಿತು. ಗಾಬರಿಯಾಗಿ ಮುಂದಕ್ಕೆಳೆದು, ಸ್ಟೇರಿಂಗನ್ನು ಪೂರ್ತಿ ಕಮರಿಯ ಕಡೆ ತಿರುಗಿಸಿ ಮತ್ತೆ ಹಿಂದಕ್ಕೆ ಬಿಟ್ಟೆ. ಈ ಸಲ ಗೂಡು ರೊಯ್ಯನೆ ತಿರುಗಿ ಬಂಡೆಗೆ ಮೂಲೆ ಹೊಡೆಯಿತು. ಗಾಡಿಯೂ ಗೂಡೂ ಮಡಿಚಿಕೊಂಡು ದಾರಿಯಲ್ಲಿ ಸಿಕ್ಕಿಕೊಂಡವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊಂಡಿ ಬಿಚ್ಚಲು ಹೋದೆ. ಭಾರಕ್ಕೆ ಬಿಗಿದು ಕೂತಿತ್ತು.

ಅಣ್ಣ ಕಿಟಕಿಯಿಂದ ನೋಡುತ್ತಿದ್ದ. ಹಣೆಯೆಲ್ಲ ಬೆವರು.

"ಲೇ ಡ್ರೈವರೇ, ರಿವರ್ಸ್ ಬರಲ್ವಾ ನಿಂಗೆ?" ಎಂದ. ನಗಲು ನೋಡಿದ.

ನನ್ನ ಜೊತೆ ಅವನು ಆಡಿದ ಕೊನೆಯ ಮಾತು ಅದು. ನಾನು ಊರಿಗೆ ಓಡಿದೆ. ನಾಲ್ಕು ಜನ ಹಗ್ಗದ ಮಂಚ ಹೊತ್ತು ನನ್ನೊಡನೆ ಮೇಲೆ ಬಂದರು. ನಾವು ಹೊತ್ತು ಇಳಿಯುವಾಗ ಅತ್ತಿಗೆ ಪಕ್ಕದಲ್ಲಿ ನಡೆಯುತ್ತ ಅವನ ಕೈ ಹಿಡಿದುಕೊಂಡಿದ್ದರು. ಕೊನೆಯ ಮನೆ ಕಾಣುವ ಹೊತ್ತಿಗೆ ಅತ್ತಿಗೆ ನಡೆಯುವುದನ್ನು ನಿಲ್ಲಿಸಿದರು. ಮಂಚ ಹೊತ್ತವರು ಇನ್ನೂ ಹತ್ತು ಹೆಜ್ಜೆ ಹೋಗಿ, ಆಮೇಲೆ ತಾವೂ ನಿಂತರು.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಆ ಊರಿನಿಂದ ಫೋನ್ ಬಂತು. ಕುರಿ ಹೋಗುವ ದಾರಿಗೆ ನಿಮ್ಮ ಗಾಡಿ ಅಡ್ಡವಾಗಿದೆ, ದಯವಿಟ್ಟು ತೆಗೆಸಿ ಎಂದರು. ನಾನೊಬ್ಬನೇ ಹೋಗಿಬರುತ್ತೇನೆ ಎಂದೆ. ಅತ್ತಿಗೆ ಕೇಳಲಿಲ್ಲ. ಬಸ್ಸಿನಲ್ಲಿ ಹೋದೆವು.

ಊರಿನಲ್ಲಿ ಗೊಬ್ಬರದ ಟ್ರೇಲರ್ ಓಡಿಸುವ ಒಬ್ಬ ಹೆಂಗಸಿದ್ದಳು, ನಲವತ್ತು ದಾಟಿದವಳು. ಅವಳನ್ನೇ ಕರೆಯಿರಿ ಎಂದರು. ಅವಳು ಬಂದು ಒಂದು ಸುತ್ತು ನೋಡಿದಳು. ಇಬ್ಬರು ಹಾರೆ ಹಾಕಿ ಗೂಡಿನ ಮೂಲೆಯನ್ನು ಬಂಡೆಯಿಂದ ಬಿಡಿಸಿದರು. ಅವಳು ನಮ್ಮ ಗಾಡಿ ಹತ್ತಿ ಬೀಗದ ಕೈ ತಿರುಗಿಸಿದಳು. ಅಷ್ಟು ದಿನ ಬಿಸಿಲಲ್ಲಿ ನಿಂತಿದ್ದರೂ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಒಂದು ಮಾರು ಮುಂದಕ್ಕೆ ತೆಗೆದುಕೊಂಡಳು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಗೂಡನ್ನು ಗೆರೆ ಎಳೆದ ಹಾಗೆ ಹಿಂದಕ್ಕೆ ಇಳಿಸಿಕೊಂಡು ಹೋದಳು. ಎಲ್ಲೂ ನಿಲ್ಲಲಿಲ್ಲ. ನಾನು ಹಿಂದೆ ಓಡುತ್ತ ಹೋದೆ. ಕೆಳಗಿನ ಟಾರು ರಸ್ತೆಗೆ ಬಂದಾಗ ನನಗೆ ಇನ್ನೂ ಏದುಸಿರು ಕೂಡ ಸರಿಯಾಗಿ ಬಂದಿರಲಿಲ್ಲ.

"ಉಲ್ಟಾ ತಿರುಗ್ಸಬೇಕು ಅಣ್ಣಾ" ಎಂದಳು ಇಳಿಯುತ್ತ. "ಬಾಲ ಎತ್ತ ಓಗ್ಬೇಕೋ ಅದಕ್ಕೆ ಉಲ್ಟಾ. ಗೊಬ್ಬರ ಸಾಗ್ಸೋ ಎಲ್ರಿಗೂ ಗೊತ್ತಿರೋದೇ. ನಿಮ್ ಗಾಡಿ ಸೂಪರ್ ಗಾಡಿ, ಯಾರ್ ನೋಡಿ ಆರ್ಸಿದ್ದು?"

ನಾನೇ ಎಂದೆ. ಅತ್ತಿಗೆ ನಿಧಾನವಾಗಿ ನಡೆದುಕೊಂಡು ಇಳಿದು ಬರುತ್ತಿದ್ದರು. ಇಡೀ ದಾರಿಯನ್ನು ಅವರು ಮೇಲಿನಿಂದ ನೋಡಿದ್ದರು. ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದ್ದರು.

ಗೂಡನ್ನು ಆ ಊರಿನಲ್ಲೇ ಬಿಟ್ಟೆವು. ಟೊಮೇಟೊ ತೋಟದ ಕಾವಲಿಗೆ ಆಗುತ್ತದೆ ಎಂದು ಯಾರೋ ಕೇಳಿದರು, ಇಟ್ಟುಕೊಳ್ಳಿ ಎಂದರು ಅತ್ತಿಗೆ. ಬರುವಾಗ ಅವರು ಮುಂದಿನ ಸೀಟಿನಲ್ಲಿ, ಅಣ್ಣ ಕೂತಿದ್ದಲ್ಲಿ ಕೂತರು. ಧರ್ಮಪುರಿ ದಾಟಿತು.

"ನೀನ್ ಸುಳ್ಳು ಏಳಾಕ್ ಬರ್ದೋನು ಅಂತ ನಂಗೊತ್ತಿತ್ತು" ಎಂದರು ಆಮೇಲೆ. "ಗೊತ್ತಿದ್ದೂ ನಿನ್ ಮೇಲ್ ಆಕ್ದೆ. ನಾನೇ ಅವ್ರ ಕಾಲು ಇಡ್ಕಂಡು ಬೇಡ ಅನ್ಬೇಕಾಗಿತ್ತು."

"ಅತ್ತಿಗೆ, ನಾನು..."

"ರಸ್ತೆ ನೋಡ್ಕಂಡ್ ಓಡ್ಸು ತಮ್ಮಾ."

ತೊಪ್ಪೂರಿನ ಇಳಿಜಾರು ಶುರುವಾಗಿತ್ತು. ಮುಂದೆ ಲಾರಿಗಳ ಸಾಲು, ಹಿಂದೆ ಲಾರಿಗಳ ಸಾಲು. ಗೇರ್ ತಗ್ಗಿಸಿದೆ. ಗಾಡಿ ನನ್ನ ಕಾಲಿನ ಮಾತು ಕೇಳಿತು. ಬ್ರೇಕ್ ಮುಟ್ಟುವ ಕೆಲಸವೇ ಬೀಳದೆ, ಹೆಜ್ಜೆ ಹೆಜ್ಜೆಯಾಗಿ, ನಮ್ಮಿಬ್ಬರನ್ನೂ ಕೆಳಗೆ ಇಳಿಸಿತು.